ಮೊಳೆಗೆ ನೇತುಹಾಕಿದ ಬೂಟು

ರೋಸಮೆಲ್ ಜೈಲಿನಿಂದ ಬಂದ ದಿನ ನಮ್ಮ ಮನೆಗೆ ಬ್ರೆಡ್ಡು ಬರಲಿಲ್ಲ.

ದಿನಾ ಸಂಜೆ ಅದನ್ನು ತರುವವಳು ಲುಕ್ರೇಸಿಯಾ, ನನ್ನ ಅಣ್ಣನ ಮಗಳು. ಕೆಳಗಿನ ಬೇಕರಿಯಲ್ಲಿ ಬ್ರೆಡ್ಡು ತೂಗಿ ಕೊಡುವ ಕೆಲಸ ಅವಳದು. ಆ ಸಂಜೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವಳು ಖಾಲಿ ಚೀಲವನ್ನು ಅಡುಗೆಮನೆಯ ಮೇಜಿನ ಮೇಲೆ ಒಗೆದಳು. ಒಲೆಯ ಮೇಲೆ ಚಹಾದ ನೀರು ಕುದಿಯುತ್ತಿತ್ತು. ಉಪ್ಪು ಹಾಕಿ ಕಿವುಚಿದ ಬೆಣ್ಣೆಹಣ್ಣು ಬಟ್ಟಲಲ್ಲಿ ಕಾಯುತ್ತಿತ್ತು.

"ಕಸಿಮಿರೊ ಏನಂದ?" ಎಂದು ಕೇಳಿದವಳು ಅವಳ ತಾಯಿ, ನನ್ನ ಅತ್ತಿಗೆ ಇಸ್ಮೇನಿಯಾ.

"'ಇವತ್ತು ಉಳೀಲಿಲ್ಲ' ಅಂದ್ರು ಯಜಮಾನ್ರು. ಅವರ ಬೆನ್ನ ಹಿಂದೆ ಎರಡು ಬುಟ್ಟಿ ತುಂಬಿ ಇತ್ತಮ್ಮ. ತುಂಬಿದ್ದು ನಾನೇ."

"ನಾಳೆ ಕೊಡ್ತಾನೆ."

"ಕೊಡಲ್ಲ. ಇವನು ಒಳಗಿದ್ದ ಹನ್ನೊಂದು ವರ್ಷದಲ್ಲಿ ಒಂದು ದಿನ ತಪ್ಪಿಸಲಿಲ್ಲ ಆ ಮನುಷ್ಯ. ಕಿವಿ ಕಳಕೊಂಡ ವಾರದಲ್ಲೂ ಕಳಿಸಿದ್ರು. ಇವತ್ತು ನಿಲ್ಲಿಸಿದ್ದು ಯಾಕೆ ಅಂತ ನಿನಗೂ ಗೊತ್ತು, ಅಲ್ಲಿ ಗೋಡೆಗೆ ಒರಗಿ ನಿಂತಿದ್ದಾನಲ್ಲ, ಅವನಿಗೂ ಗೊತ್ತು."

ಗೋಡೆಗೆ ಒರಗಿ ನಿಂತಿದ್ದವನು ಅವಳ ತಮ್ಮ ರೋಸಮೆಲ್. ಕುರ್ಚಿ ಇದ್ದರೂ ಯಾರಾದರೂ ಕೂತುಕೋ ಅನ್ನುವವರೆಗೆ ಅವನು ಕೂರುತ್ತಿರಲಿಲ್ಲ.

ವಾಲ್ಪರೈಸೊದ ಈ ಗುಡ್ಡದಲ್ಲಿ ನಮ್ಮ ಮನೆಯನ್ನು ಎಲ್ಲರೂ ಬೂಟಿನ ಮನೆ ಅನ್ನುತ್ತಾರೆ. ಮೊದಲು ಇದು ನನ್ನ ಅಣ್ಣ ಬಾಲ್ದೊಮೆರೊನ ಚಪ್ಪಲಿ ಹೊಲಿಯುವ ಅಂಗಡಿಯಷ್ಟೇ ಆಗಿತ್ತು. ಮೇಲೆ ಮನೆ, ಕೆಳಗೆ ಅಂಗಡಿ. ಗುಡ್ಡದ ನೆತ್ತಿಯ ಜೈಲಿನಿಂದ ಬಂದರಿಗೆ ಇಳಿಯುವ ಮೆಟ್ಟಿಲ ದಾರಿ ನಮ್ಮ ಬಾಗಿಲ ಮುಂದೆಯೇ ಹೋಗುತ್ತದೆ. ಬಿಡುಗಡೆಯಾದವರು ಇದೇ ದಾರಿಯಲ್ಲಿ ಇಳಿಯುತ್ತಿದ್ದರು. ಕೆಲವರ ಕಾಲಲ್ಲಿ ರಬ್ಬರ್ ಚಪ್ಪಲಿ, ಕೆಲವರದು ಬರಿಗಾಲು. ಒಳಗೆ ಒಂದೇ ಪಾತ್ರೆಯಲ್ಲಿ ಉಂಡ ಗೆಳೆಯರಿಗೆ ಕಂಬಳಿ, ಕೋಟು, ಬೂಟು ಎಲ್ಲ ಬಿಟ್ಟು ಬರುವುದು ಅವರ ಪದ್ಧತಿ. ಒಂದು ಕಾಲುಚೀಲ ತಂದರೂ ಅದು ಮತ್ತೆ ಒಳಗೆ ಎಳೆದುಕೊಂಡು ಹೋಗುತ್ತದೆ ಎಂದು ಈಗಲೂ ನಂಬುತ್ತಾರೆ.

ಒಂದು ಮಳೆಯ ದಿನ ಹಾಗೆ ಬರಿಗಾಲಲ್ಲಿ ಇಳಿದು ಬಂದು ಅಂಗಡಿಯ ಹೊಸ್ತಿಲ ಮೇಲೆ ಕೂತವನೇ ಕಸಿಮಿರೊ. ರಿಪೇರಿಗೆ ಕೊಟ್ಟವರು ವಾಪಸು ಒಯ್ಯದ ಒಂದು ಜೊತೆ ಬೂಟನ್ನು ಅಣ್ಣ ಅವನ ಮುಂದೆ ಇಟ್ಟ.

"ಯಾರದ್ದಣ್ಣ ಇದು?"

"ಈಗ ನಿನ್ನದು. ನಿನ್ನ ಕಾಲ ಮೇಲೆ ನೀನು ನಿಂತ ಮೇಲೆ ತಂದು ಕೊಡು."

ಕಸಿಮಿರೊ ಬೇಕರಿಯಲ್ಲಿ ಒಲೆ ಉರಿಸುವ ಕೆಲಸಕ್ಕೆ ಸೇರಿದ. ಹಿಟ್ಟು ನಾದಲು ಕಲಿತ. ಒಂದು ಸಂಜೆ ಬೂಟಿಗೆ ಕನ್ನಡಿಯ ಹಾಗೆ ಪಾಲಿಶ್ ಹಾಕಿ, ಬಿಸಿ ಬ್ರೆಡ್ಡಿನ ಚೀಲದ ಜೊತೆ ತಂದುಕೊಟ್ಟ. ಅಣ್ಣ ಆ ಜೋಡನ್ನು ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದ. ಮುಂದೆ ಬೇಕರಿಯೇ ಕಸಿಮಿರೊನ ಕೈಗೆ ಬಂತು. ಬ್ರೆಡ್ಡು ಮಾತ್ರ ಆ ಸಂಜೆಯಿಂದ ನಿಲ್ಲಲಿಲ್ಲ.

ಹೀಗೆ ಶುರುವಾದದ್ದು. ಚರ್ಚಿನ ಹೆಂಗಸರು ಮನೆಮನೆಯಿಂದ ಹಳೆಯ ಬೂಟು ಹೊತ್ತು ತಂದು ಅಂಗಡಿಯ ಕಪಾಟು ತುಂಬಿದರು. ಅಂಗಡಿಯ ಹಿಂದೆ ಮಂಚಗಳು ಬಂದವು, ದೊಡ್ಡ ಸೂಪಿನ ಪಾತ್ರೆ ಬಂತು. ಆಮೇಲೆ ವಕೀಲರೊಬ್ಬರು ಬಂದು ಸಂಘವೆಂದು ನೋಂದಣಿ ಮಾಡಿಸಿದರು, ಬೋರ್ಡು ಬರೆಸಿದರು. ಆ ಹೆಸರಿನಿಂದ ಯಾರೂ ಕರೆಯಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಎಲ್ಲವನ್ನೂ ನಡೆಸಿದವಳು ಅತ್ತಿಗೆ. ಸಹಾಯಕ್ಕೆ ಬರುವ ಹುಡುಗಿಯರಿಗೆ ಅವಳು ಎರಡೇ ಪಾಠ ಹೇಳುತ್ತಿದ್ದಳು.

"ಕಾಲಿನ ನಂಬರ್ ಕೇಳಿ. ಕೇಸಿನ ನಂಬರ್ ಕೇಳಬೇಡಿ. ಮತ್ತೆ, ಅವರು ಹೇಳಿದ ನಂಬರಿಗಿಂತ ದೊಡ್ಡದೇ ಕೊಡಿ. ವರ್ಷಗಟ್ಟಲೆ ಸಿಮೆಂಟ್ ನೆಲದ ಮೇಲೆ ಚಪ್ಪಲಿ ಎಳಕೊಂಡು ನಡೆದ ಕಾಲು ಹರಡಿಕೊಂಡಿರುತ್ತೆ. ಅದು ಅವರಿಗೆ ಗೊತ್ತಿರಲ್ಲ."

ಕೇಸಿನ ಮಾತು ಕೇಳದೆ ಇರುವುದು ಊರವರ ಮಕ್ಕಳ ವಿಷಯದಲ್ಲಿ ಸುಲಭವಿತ್ತು. ರೋಸಮೆಲ್‌ನದು ಕೇಳಬೇಕಾದ್ದೇ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕುಡಿದ ಅಮಲಿನಲ್ಲಿ ಒಬ್ಬ ಗೆಳೆಯನನ್ನು ಕಟ್ಟಿಕೊಂಡು ಅವನು ನುಗ್ಗಿದ್ದು ಕಸಿಮಿರೊನ ಬೇಕರಿಗೇ. ಚಿಕ್ಕಂದಿನಲ್ಲಿ ಅಲ್ಲೇ ಹಿಟ್ಟಿನ ಮೂಟೆಗಳ ಮೇಲೆ ಮಲಗಿ ಬೆಳೆದವನಿಗೆ ಗಲ್ಲಾ ಎಲ್ಲಿದೆ ಎಂದು ಯಾರೂ ತೋರಿಸಬೇಕಾಗಿರಲಿಲ್ಲ. ಅಡ್ಡ ಬಂದ ಕಸಿಮಿರೊನಿಗೆ ಒಲೆಯ ಕಬ್ಬಿಣದ ಸಲಿಕೆಯಿಂದ ಹೊಡೆದ. ಅವನ ಎಡಗಿವಿ ಹೋಯಿತು.

ಬಿಡುಗಡೆಯ ದಿನ ಅತ್ತಿಗೆ ನನ್ನ ಜೊತೆ ಜೈಲಿನ ಬಾಗಿಲಿಗೆ ಬಟ್ಟೆಯಲ್ಲಿ ಸುತ್ತಿದ ಬೂಟು ತೆಗೆದುಕೊಂಡು ಹೋದಳು. ಕಪಾಟಿನಿಂದ ತೆಗೆದದ್ದಲ್ಲ. ಅಣ್ಣ ತನ್ನ ಕೊನೆಯ ವರ್ಷದಲ್ಲಿ ಮಗನಿಗೆಂದೇ ಅಳತೆ ತೆಗೆದು ಹೊಲಿದ ಕಂದು ಬೂಟು. ಹನ್ನೊಂದು ವರ್ಷ ಅದನ್ನು ಹಾಸಿಗೆಯ ಕೆಳಗಿಟ್ಟು, ಹಬ್ಬ ಹುಣ್ಣಿಮೆ ಎನ್ನದೆ ಪಾಲಿಶ್ ಹಾಕುತ್ತ ಬಂದಿದ್ದಳು. ರೋಸಮೆಲ್ ಕಲ್ಲಿನ ಮೇಲೆ ಕೂತು ಹಾಕಿಕೊಂಡ. ಹಿಮ್ಮಡಿ ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ತಲೆ ಎತ್ತಲಿಲ್ಲ. ಅಪ್ಪನ ನೆನಪಾಗಿರಬೇಕು ಅಂದುಕೊಂಡೆವು.

ಆ ರಾತ್ರಿಯ ಊಟಕ್ಕೆ ಮೊದಲೇ ಜಗಳ ಶುರುವಾಯಿತು.

"ಎಲ್ಲಿ ಮಲಗ್ತಾನೆ ಇವನು?" ಲುಕ್ರೇಸಿಯಾ ಕೇಳಿದಳು.

"ಕೆಳಗೆ. ಎಲ್ಲರ ಹಾಗೆ," ಅಂದಳು ಅತ್ತಿಗೆ.

"ಎಲ್ಲರ ಹಾಗೆ ಅಂದ್ರೆ ಎಲ್ಲರ ಹಾಗೇ ಇರಲಿ. ಕೆಳಗಿನವರು ಕೆಲಸ ಹುಡುಕಿಕೊಂಡು ಹೊರಡ್ತಾರೆ. ಇವನಿಗೆ ಸೆಪ್ಟೆಂಬರ್ ಹಬ್ಬದ ತನಕ ಗಡುವು. ಗಾಳಿಪಟ ಹಾರೋ ಹೊತ್ತಿಗೆ ಇವನು ಇಲ್ಲಿದ್ರೆ ನಾನು ಮಗಳನ್ನ ಕರಕೊಂಡು ಹೋಗ್ತೀನಿ."

"ನನ್ನನ್ನ ಯಾಕೆ ನಡುವೆ ತರ್ತೀಯಮ್ಮ?" ಅಂದಳು ಅವಳ ಮಗಳು ಅನಾಯಿಸ್. ಹದಿನೆಂಟರ ಹುಡುಗಿ, ದಾದಿಯ ಕೆಲಸ ಕಲಿಯುತ್ತಿದ್ದಳು. "ನಾನು ಎಲ್ಲಿಗೂ ಬರಲ್ಲ. ಈ ಮನೆಯಲ್ಲೇ ಬಾತ್‌ರೂಮಿಗೆ ಸಾಲು ನಿಲ್ಲಬೇಕು, ಇನ್ನು ಬಾಡಿಗೆ ಮನೇಲಿ ಬಕೆಟ್ ಹಿಡ್ಕೊಂಡು ಬೀದೀಲಿ ನಿಲ್ಲಬೇಕಾ?"

"ಬಾಯ್ಮುಚ್ಚು. ದಿನಾ ಆ ಮನುಷ್ಯನ ಬಲಗಿವಿಯ ಕಡೆ ಹೋಗಿ ನಿಂತು ಮಾತಾಡೋಳು ನಾನು. ನೀವು ಯಾರೂ ಅಲ್ಲ."

ರೋಸಮೆಲ್ ಮೆಲ್ಲಗೆ ಹೇಳಿದ: "ಅಕ್ಕ ಹೇಳೋದು ಸರಿ ಇದೆ. ಹಬ್ಬದ ತನಕ."

"ನಿನ್ನನ್ನ ಯಾರೂ ಕೇಳಲಿಲ್ಲ!" ಅಂದರು ಅತ್ತಿಗೆ, ಲುಕ್ರೇಸಿಯಾ ಇಬ್ಬರೂ ಒಟ್ಟಿಗೆ.

ಮರುದಿನವೂ ಬ್ರೆಡ್ಡು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತಿಗೆ ತಾನೇ ಹಿಟ್ಟು ಕಲಸಿ ಕಾವಲಿಯ ಮೇಲೆ ದಪ್ಪ ರೊಟ್ಟಿ ಬೇಯಿಸತೊಡಗಿದಳು. ಒಂದು ಕಡೆ ಸೀದು, ಒಂದು ಕಡೆ ಹಸಿ. ಕೆಳಗಿನ ಗಂಡಸರು ಚಹಾದಲ್ಲಿ ನೆನೆಸಿ ತಿಂದರು.

"ಅಜ್ಜಿ, ಇದನ್ನ ಕಪಾಟಲ್ಲಿ ಇಡೋಣ," ಅಂದಳು ಅನಾಯಿಸ್. "ಬೂಟಿನ ಅಟ್ಟೆ ಸವೆದವರಿಗೆ ಆಗುತ್ತೆ."

ಅತ್ತಿಗೆಗೆ ನಗು ಬರಲಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗ ಬೆಳಿಗ್ಗೆ ಕೆಲಸ ಹುಡುಕಲು ಇಳಿದರೆ ಕಿಟಕಿಗೂ ಒಲೆಗೂ ಓಡಾಡುವಳು. ಅವನು ಹತ್ತಿ ಬಂದ ಕೂಡಲೇ ಮುಖ ನೋಡುವಳು.

"ಏನಂದ್ರು?"

"ಬಂದರಿನಲ್ಲಿ ನಾಳೆ ಬಾ ಅಂದ್ರು. ಗೋದಾಮಿನವರು ಗುರುತಿನ ಚೀಟಿ ನೋಡಿದ್ರು, ಆಮೇಲೆ ಜಾಗ ತುಂಬಿದೆ ಅಂದ್ರು."

"ನಿನ್ನೆ ಇತ್ತಲ್ಲ ಜಾಗ?"

"ನಿನ್ನೆ ಚೀಟಿ ನೋಡಿರಲಿಲ್ಲ."

ಮನೆಯಲ್ಲಿದ್ದ ಹೊತ್ತೆಲ್ಲ ಅವನು ನಡೆಯುತ್ತಿದ್ದ. ಜೈಲಿನ ಅಂಗಳದಲ್ಲಿ ಹಾಗೆ ನಡೆದು ನಡೆದು ಕಾಲಿಗೆ ಅಭ್ಯಾಸವಾಗಿ ಹೋಗಿತ್ತು. ಮೇಲಿನ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ, ಗಕ್ಕನೆ ತಿರುಗಿ ಮತ್ತೆ ಈ ಗೋಡೆಗೆ. ಹಲಗೆಯ ನೆಲ. ಟಕ್ ಟಕ್, ಟಕ್ ಟಕ್. ಗುಡ್ಡದ ಗಾಳಿಗೆ ತಗಡಿನ ಗೋಡೆ ಮೊದಲೇ ಕಿರುಗುಟ್ಟುವ ಮನೆ. ಅದರ ಜೊತೆ ಇದು.

"ನಿಲ್ಲಿಸೋ ಮಾರಾಯ! ತಲೆ ಮೇಲೆ ಮೊಳೆ ಹೊಡೆದ ಹಾಗಾಗುತ್ತೆ," ಎಂದು ಲುಕ್ರೇಸಿಯಾ ಅಡುಗೆಮನೆಯಿಂದ ಕೂಗುವಳು.

ಸದ್ದು ನಿಲ್ಲುವುದು. ಬೀನ್ಸು ಒಂದು ಕುದಿ ಬರುವಷ್ಟರಲ್ಲಿ ಮತ್ತೆ ಟಕ್ ಟಕ್.

"ಬಾಗಿಲು ತೆರೆದೇ ಇದೆಯಲ್ಲ," ಅನಾಯಿಸ್ ನನ್ನ ಕಿವಿಯಲ್ಲಿ ಅಂದಳು. "ಮಾಮ ಹೊರಗೆ ಹೋಗಿ ಯಾಕೆ ನಡೆಯಲ್ಲ ಅಜ್ಜಿ?"

"ಹೊರಗಿನ ದಾರಿ ಎಲ್ಲ ಬೇಕರಿ ಮುಂದೇ ಹೋಗುತ್ತೆ ಮಗಳೇ," ಅಂದೆ.

ಆಗಸ್ಟ್ ಕಳೆಯುತ್ತ ಬಂತು. ಮಕ್ಕಳು ಮಾಡಿನ ಮೇಲೆ ಹತ್ತಿ ಗಾಳಿಪಟದ ದಾರ ಸರಿಮಾಡುತ್ತಿದ್ದರು. ಲುಕ್ರೇಸಿಯಾ ತನ್ನ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು, ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಪಡಸಾಲೆಯಲ್ಲಿ ಇಟ್ಟಳು. ರೋಸಮೆಲ್ ಅದನ್ನು ಸುತ್ತಿಕೊಂಡು ನಡೆಯತೊಡಗಿದ.

ಒಂದು ಭಾನುವಾರ ಸಂಜೆ ಜೋರು ಮಳೆ. ಲುಕ್ರೇಸಿಯಾಗೆ ರಜೆ. ಕುಂಬಳಕಾಯಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು.

"ಅತ್ತೆ, ಕೇಳಿಸ್ತಾ?"

"ಏನು? ಮಳೆ."

"ಮಳೆಯಲ್ಲ. ಇವನ ಹೆಜ್ಜೆ. ಟಕ್ ಟಕ್ ಅನ್ನುತ್ತಿತ್ತು. ಈಗ ಟಕ್, ಆಮೇಲೆ ಎಳೆದ ಹಾಗೆ."

ಚಾಕು ಕೈಯಲ್ಲೇ ಹಿಡಿದು ಪಡಸಾಲೆಗೆ ಹೋದಳು. ನಾನೂ ಹಿಂದೆ ಹೋದೆ.

"ಕೂತ್ಕೋ."

"ಯಾಕಕ್ಕ?"

"ಟ್ರಂಕಿನ ಮೇಲೆ ಕೂತ್ಕೋ ಅಂದೆ. ಬೂಟು ಬಿಚ್ಚು."

"ಬೇಡಕ್ಕ, ಏನಿಲ್ಲ."

ಅವಳು ಚಾಕು ನೆಲಕ್ಕಿಟ್ಟು, ಮಂಡಿಯೂರಿ, ತಾನೇ ದಾರ ಸಡಿಲಿಸಿ ಎಳೆದಳು. ಅವನು ಹಲ್ಲು ಕಚ್ಚಿದ. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಹಿಮ್ಮಡಿಯ ಚರ್ಮ ಸುಲಿದು ಕೆಂಪು ಮಾಂಸ ಕಾಣುತ್ತಿತ್ತು.

"ಅಯ್ಯೋ ದೇವರೇ. ಯಾವಾಗಿಂದ ಇದು?"

"ಬಂದಾಗಿಂದ."

"ಬಾಯಿಲ್ವಾ ನಿಂಗೆ?"

"ಅಪ್ಪ ಹೊಲಿದದ್ದು. ಅಮ್ಮ ಇಷ್ಟು ವರ್ಷ ಪಾಲಿಶ್ ಹಾಕಿ ಹಾಕಿ ಇಟ್ಟದ್ದು. ಆಗಲ್ಲ ಅಂತ ಹೇಗೆ ಹೇಳ್ಲಿ?"

ಗಲಾಟೆಗೆ ಅತ್ತಿಗೆ ಬಂದಳು. ಕಾಲು ನೋಡಿದಳು. ಬೂಟು ನೋಡಿದಳು.

"ಆಗದೆ ಏನು? ಅಳತೆ ತೆಗೆದು ಮಾಡಿದ್ದು. ಅವನದು ನಲವತ್ತೊಂದು. ನನ್ನ ಮಗನ ಕಾಲು ನನಗೆ ಗೊತ್ತಿಲ್ವಾ?"

"ಊರವರ ಮಕ್ಕಳಿಗೆಲ್ಲ ದೊಡ್ಡದು ಕೊಡಿ ಅಂತ ಕಲಿಸೋಳು ನೀನು," ಅಂದಳು ಲುಕ್ರೇಸಿಯಾ. ದನಿ ಏರಿಸಲಿಲ್ಲ. "ನಿನ್ನ ಮಗ ಮಾತ್ರ ಒಳಗೆ ಹೋದ ಹಾಗೇ ಹೊರಗೆ ಬರ್ತಾನಾ ಅಮ್ಮ?"

"ಪ್ರತಿ ಭಾನುವಾರ ಹೋಗಿ ನೋಡ್ತಿದ್ದೆ ನಾನು..."

"ಮೇಜಿನಾಚೆ ಮುಖ ನೋಡ್ತಿದ್ದೆ. ಮೇಜಿನ ಕೆಳಗೆ ಕಾಲು ಯಾರು ನೋಡ್ತಾರೆ?"

ಅತ್ತಿಗೆ ಗೋಡೆ ಹಿಡಿದು ನಿಂತಳು. ಅನಾಯಿಸ್ ಬಿಸಿನೀರು, ಹತ್ತಿ, ಔಷಧ ತಂದಳು. ಮಾಮನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆಯುತ್ತ, "ಪರೀಕ್ಷೆಗೆ ಒಳ್ಳೆ ಕಾಲು ಸಿಕ್ಕಿತು, ಅಲುಗಾಡಬೇಡಿ" ಅಂದಳು. ರೋಸಮೆಲ್‌ಗೆ ಬಂದ ಮೇಲೆ ಮೊದಲ ಸಲ ಸ್ವಲ್ಪ ನಗು ಬಂತು.

ಬೆಳಗಾದರೆ ಅವನು ಬಿಡುಗಡೆಯ ಷರತ್ತಿನಂತೆ ಸಹಿ ಹಾಕಲು ಕಚೇರಿಗೆ ಹೋಗಬೇಕಾದ ದಿನ. ತಪ್ಪಿದರೆ ವಾಪಸು ಒಳಗೆ. ಕೆಳಗಿನ ಕಪಾಟೆಲ್ಲ ಹುಡುಕಿದೆವು. ದೊಡ್ಡ ನಂಬರು ಮೊದಲೇ ಖಾಲಿಯಾಗುತ್ತದೆ, ಅದರಲ್ಲೂ ಚಳಿಗಾಲದಲ್ಲಿ. ನಲವತ್ತು, ನಲವತ್ತೊಂದು, ಹೆಂಗಸರ ಎತ್ತರ ಹಿಮ್ಮಡಿಯ ಜೋಡು. ಭಾನುವಾರ, ಬೂಟಿನ ಅಂಗಡಿಗಳೆಲ್ಲ ಮುಚ್ಚಿದ್ದವು.

ಲುಕ್ರೇಸಿಯಾ ಬಾಗಿಲ ಮೇಲೆ ಕೈ ತೋರಿಸಿದಳು. "ನಲವತ್ತಮೂರು ಅಲ್ಲಿದೆ."

ಎಲ್ಲರೂ ಮೊಳೆಯ ಕಡೆ ನೋಡಿದೆವು. ಕಸಿಮಿರೊನ ಬೂಟು. ಅಣ್ಣ ನೇತುಹಾಕಿದ ಮೇಲೆ ಅದನ್ನು ಯಾರೂ ಇಳಿಸಿದ್ದಿಲ್ಲ.

"ಅದಕ್ಕೆ ಕೈ ಹಾಕಬೇಡಿ," ಅಂದಳು ಅತ್ತಿಗೆ. "ಅವನನ್ನ ಕೇಳದೆ ಆಗಲ್ಲ."

"ಹಾಗಾದ್ರೆ ಕೇಳೋಣ. ಯಾರು ಕೇಳ್ತಾರೆ? ನೀನು ಕೇಳಿದ್ರೆ ಇಲ್ಲ ಅನ್ನಲ್ಲ ಅವರು. ಅದೇ ಬೇಡ ನನಗೆ. ನಾನು ಕೇಳಲ್ಲ, ಅವರ ಸಂಬಳ ತಿನ್ನೋಳು."

ರೋಸಮೆಲ್ ಎದ್ದ. ಪಟ್ಟಿ ಕಟ್ಟಿದ ಪಾದಗಳ ಮೇಲೆ ಎರಡು ಜೊತೆ ಕಾಲುಚೀಲ ಏರಿಸಿಕೊಂಡ.

"ಆ ರಬ್ಬರ್ ಚಪ್ಪಲಿಯಾದರೂ ಹಾಕ್ಕೊಳ್ಳೋ," ಎಂದು ಕೆಳಗಿನವರಲ್ಲಿ ಒಬ್ಬ ತನ್ನದನ್ನು ಚಾಚಿದ.

"ಬೇಡ. ಜೈಲಿನ ಚಪ್ಪಲಿ ಹಾಕ್ಕೊಂಡು ಅವರ ಬಾಗಿಲಿಗೆ ಹೋಗಲ್ಲ."

ನಾನು ಕೊಡೆ ಹಿಡಿದು ಜೊತೆಗೆ ಇಳಿದೆ. ಮೆಟ್ಟಿಲ ಮೇಲೆ ನೀರು ಹರಿಯುತ್ತಿತ್ತು. ಅವನು ಕೊಡೆಯೊಳಗೆ ಬರಲಿಲ್ಲ. ಬೇಕರಿಯ ದೀಪ ಉರಿಯುತ್ತಿತ್ತು, ಸಂಜೆಯ ಬ್ರೆಡ್ಡಿನ ಗಿರಾಕಿಗಳು ಚೀಲ ಹಿಡಿದು ನಿಂತಿದ್ದರು. ರೋಸಮೆಲ್‌ನನ್ನು ಕಂಡು ಒಬ್ಬೊಬ್ಬರಾಗಿ ದಾರಿ ಬಿಟ್ಟರು. ಅವನು ಹೊಸ್ತಿಲ ಹೊರಗೇ ನಿಂತ, ಮಳೆಯಲ್ಲಿ.

ಕಸಿಮಿರೊ ಪಕ್ಕಕ್ಕೆ ತಿರುಗಿ ಬುಟ್ಟಿ ಜೋಡಿಸುತ್ತಿದ್ದ. ಬಿಳಿ ಕೂದಲು, ಮೊಣಕೈವರೆಗೆ ಹಿಟ್ಟು. ರೋಸಮೆಲ್ ಏನೋ ಹೇಳಿದ. ನನಗೇ ಸರಿಯಾಗಿ ಕೇಳಿಸಲಿಲ್ಲ. ಕಸಿಮಿರೊ ಬುಟ್ಟಿ ಜೋಡಿಸುತ್ತಲೇ ಇದ್ದ. ಇವನು ಮತ್ತೊಮ್ಮೆ ಹೇಳಿದ.

ಕಸಿಮಿರೊ ತಿರುಗದೆಯೇ ಅಂದ: "ಆ ಕಡೆ ನಿಂತು ಹೇಳಿದ್ರೆ ಕೇಳಿಸಲ್ಲ. ಆ ಕಿವಿ ಇಲ್ಲ. ಯಾರಿಗೆ ಗೊತ್ತಿಲ್ಲದಿದ್ರೂ ನಿನಗೆ ಗೊತ್ತಿರಬೇಕು."

ರೋಸಮೆಲ್ ಹೊಸ್ತಿಲ ಇನ್ನೊಂದು ಅಂಚಿಗೆ ಬಂದ. ಈ ಸಲ ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ನಿಮ್ಮ ಬೂಟು ಬೇಕಿತ್ತು. ಮೊಳೆಗೆ ನೇತುಹಾಕಿದ್ದು. ನನ್ನ ಕಾಲಿಗೆ ಬೇರೆ ಯಾವುದೂ ಆಗ್ತಿಲ್ಲ. ನಾಳೆ ಸಹಿಗೆ ಹೋಗಬೇಕು. ಕೊಡದೆ ಇದ್ರೂ... ಕೊಡದೆ ಇದ್ರೆ ಅದು ಸರಿಯೇ."

ಕಸಿಮಿರೊ ಈಗ ತಿರುಗಿದ. ಮೊದಲು ಮುಖ ನೋಡಲಿಲ್ಲ, ಪಾದ ನೋಡಿದ. ಕಾಲುಚೀಲದಿಂದ ನೀರು ಇಳಿಯುತ್ತಿತ್ತು, ಹಿಮ್ಮಡಿಯ ಹತ್ತಿರ ಕೆಂಪಗೆ. ಬಹಳ ಹೊತ್ತು ನೋಡಿದ.

"ಎಷ್ಟು ನಂಬರು?"

"ನಲವತ್ತಮೂರು."

"ಬಲಗಾಲಿನದು ಬೆರಳ ಹತ್ತಿರ ಕಚ್ಚುತ್ತೆ. ಒದ್ದೆ ಕಾಗದ ತುರುಕಿಡು, ಬೆಳಗಿನ ತನಕ." ಕೈಯ ಹಿಟ್ಟು ಒರೆಸಿಕೊಂಡ. "ಒಳಗೆ ಬರಬೇಡ."

"ಇಲ್ಲ."

"ನಿನ್ನ ಕಾಲ ಮೇಲೆ ನಿಂತ ಮೇಲೆ ತಂದು ಕೊಡು. ನಿಮ್ಮಮ್ಮನಿಗಲ್ಲ, ನನಗೆ. ಆವತ್ತು ಒಳಗೆ ಬಾ."

ರೋಸಮೆಲ್ ತಲೆ ಆಡಿಸಿದ. ಮತ್ತೇನೋ ಹೇಳಲು ಬಾಯಿ ತೆರೆದ. ಕಸಿಮಿರೊ ಆಗಲೇ ಎಡಗಿವಿ ಅವನ ಕಡೆ ಮಾಡಿ ಗಿರಾಕಿಯ ಚೀಲಕ್ಕೆ ಬ್ರೆಡ್ಡು ತುಂಬುತ್ತಿದ್ದ. ನಾವು ಹೊರಡುವಾಗ ನನ್ನನ್ನು ಕರೆದ.

"ಕ್ಲೋರಿಂದಕ್ಕ, ಇವತ್ತು ಲುಕ್ರೇಸಿಯಾಗೆ ರಜೆ ಅಲ್ವಾ? ಇದನ್ನ ನೀವೇ ಒಯ್ಯಿರಿ. ನೆನೆಸಬೇಡಿ."

ಚೀಲ ಬಿಸಿಯಾಗಿತ್ತು. ಸೆರಗಿನಂತೆ ನನ್ನ ಶಾಲನ್ನು ಅದರ ಮೇಲೆ ಹೊದೆಸಿಕೊಂಡು ಹತ್ತಿದೆ.

ಲುಕ್ರೇಸಿಯಾ ಬಾಗಿಲಲ್ಲೇ ನಿಂತಿದ್ದಳು. ಚೀಲ ನೋಡಿದಳು, ತಮ್ಮನನ್ನು ನೋಡಿದಳು. ಸ್ಟೂಲು ಎಳೆದು ಹತ್ತಿ, ಮೊಳೆಯಿಂದ ಬೂಟು ಇಳಿಸಿದಳು. ಗೋಡೆಗೆ ಬಡಿದಾಗ ಧೂಳಿನ ಮೋಡವೇ ಎದ್ದಿತು.

"ಮೊದಲು ಆ ಒದ್ದೆ ಕಾಲುಚೀಲ ತೆಗಿ. ಬೇರೆಯವರ ಬೂಟು, ಹಾಳು ಮಾಡಬೇಡ," ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬ್ರೆಡ್ಡು ಮುರಿಯತೊಡಗಿದಳು. ಟ್ರಂಕು ಪಡಸಾಲೆಯಲ್ಲೇ ಇತ್ತು. ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಅದರ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಬೆಳಿಗ್ಗೆ ಪಡಸಾಲೆಯಲ್ಲಿ ಮತ್ತೆ ಟಕ್ ಟಕ್ ಕೇಳಿತು. ದಪ್ಪ ಅಟ್ಟೆಯ ಸದ್ದು. ಗೋಡೆಯ ತನಕ ಹೋದದ್ದು ಈ ಸಲ ತಿರುಗಲಿಲ್ಲ. ಮೆಟ್ಟಿಲು ಇಳಿಯಿತು.

ನಾನು ಕೆಳಗೆ ಹೋದಾಗ ಅತ್ತಿಗೆ ಕಪಾಟಿನ ಮುಂದೆ ಕೂತಿದ್ದಳು. ಮಡಿಲಲ್ಲಿ ಅಣ್ಣ ಹೊಲಿದ ಕಂದು ಬೂಟು. ಒಳಗಿನ ರಕ್ತದ ಕಲೆಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದಿದ್ದಳು. ಎರಡರ ದಾರವನ್ನೂ ಸೇರಿಸಿ ಗಂಟು ಹಾಕಿದಳು, ಕಪಾಟಿಗೆ ಇಡುವ ಬೂಟಿಗೆಲ್ಲ ಹಾಕುವ ಹಾಗೆ. ಯಾವ ಬೂಟನ್ನೂ ಬಾಗಿಲಿಂದಲೇ ನೋಡಿ ಅಳತೆ ಹೇಳುವವಳು, ಅದನ್ನು ನನ್ನ ಕಡೆ ಚಾಚಿದಳು.

"ಕ್ಲೋರಿಂದಾ, ಇದು ಎಷ್ಟು ನಂಬರು ನೋಡೇ."

"ನಲವತ್ತೊಂದು," ಅಂದೆ.

"ನಲವತ್ತು ಅನ್ನೋನು ಬಂದರೆ ಕೊಡು," ಅಂದಳು.